ಕೈ ತಿರುಗಿಸುವವನಿಲ್ಲದ ಶುಕ್ರವಾರಗಳು

ನವೆಂಬರ್ ೧೦, ೧೯೮೭, ಮಂಗಳವಾರ

ಮತ್ತೆ ಬೆಳಗಾಯಿತು. ನಿದ್ದೆ ಬಂದಿತ್ತೇ ಎಂದು ನನ್ನನ್ನೇ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಕಣ್ಣು ಮುಚ್ಚಿದ್ದು ನೆನಪಿದೆ. ತೆರೆದದ್ದು ನೆನಪಿಲ್ಲ, ಆದರೂ ತೆರೆದೇ ಇವೆ. ಕೂಸು ಈಗಷ್ಟೇ ಅಳು ನಿಲ್ಲಿಸಿದೆ. ನಿಲ್ಲಿಸಿದೆ ಎಂದರೆ ದಣಿದಿದೆ ಅಷ್ಟೇ. ಅದಕ್ಕೆ ದಣಿವಾರಿಸಿಕೊಳ್ಳಲು ನಿದ್ದೆಯಾದರೂ ಇದೆ.

ಗಂಡ ಫೆಸ್ಟಿ ನಿನ್ನೆ ಮೀನಿಗೆಂದು ದೋಣಿ ಹತ್ತಿದ. ಇನ್ನು ಶುಕ್ರವಾರ ಬಂದರೆ ಬಂದ, ಗಾಳಿ ಎದ್ದರೆ ಅದೂ ಇಲ್ಲ. ಮನೆಯಲ್ಲಿ ಅತ್ತೆ, ನಾನು, ಕೂಸು. ಮೂರು ಜನರಲ್ಲಿ ಬಾಯಿ ಬಿಡುವುದು ಅದೊಂದೇ.

ಅಡುಗೆಮನೆಯ ಕಿಟಕಿಯ ಮೇಲೆ ರೇಡಿಯೋ ಇದೆ. ಅದರ ಮೇಲೆ ಅತ್ತೆ ಹೊದಿಸಿದ ಕರಿ ಬಟ್ಟೆ ಇದೆ. ಮಾವ ಕೋಲ್ಮನ್ ತೀರಿಕೊಂಡದ್ದು ಆಗಸ್ಟ್‌ನಲ್ಲಿ, ಹುಲ್ಲು ಕೊಯ್ಯುತ್ತಿದ್ದಾಗ, ಕೈಯಲ್ಲಿ ಕುಡುಗೋಲು ಇದ್ದ ಹಾಗೇ. ಕೂಸು ಹುಟ್ಟಿದ್ದು ಸೆಪ್ಟೆಂಬರ್ ಕೊನೆಗೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಸಂಗೀತ ಕೂಡದು. ಈ ಕೊಲ್ಲಿಯ ಸುತ್ತ ಎಷ್ಟೋ ಮನೆಗಳವರು ಈಗ ಅದನ್ನು ತಿಂಗಳಿಗೆ ಇಳಿಸಿದ್ದಾರೆ. ಬಾಬ್ ಅತ್ತೆ ಇಳಿಸುವವಳಲ್ಲ. ಕೂಸಿಗೆ ಒಂದು ಜೋಗುಳವನ್ನಾದರೂ ಗುನುಗಬಹುದೇ ಎಂದು ಕೇಳಿದ್ದೆ. "ಗುನುಗೋದೂ ಹಾಡೇ ಅಲ್ವೇನವ್ವ?" ಎಂದಳು. ಸಿಟ್ಟೇನಿರಲಿಲ್ಲ. ಬಾಗಿಲು ಎಳೆದುಕೋ, ಕೋಳಿ ಒಳಗೆ ಬರುತ್ತೆ ಅನ್ನುವ ದನಿಯಲ್ಲೇ ಹೇಳಿದಳು.

ಹೀಗೆ, ಹುಟ್ಟಿದಂದಿನಿಂದ ಒಂದು ಸ್ವರವನ್ನೂ ಕೇಳದ ಕೂಸು ಇದು. ಮಾವನ ಹೆಸರನ್ನೇ ಚಿಕ್ಕದು ಮಾಡಿ ಕೋಲೀನ್ ಎಂದು ಇಟ್ಟಿದ್ದಾರೆ. ನನ್ನ ಬಾಯಲ್ಲಿ ಅದು ಬರುವುದಿಲ್ಲ. ಕರೆದರೆ ಬೇರೆ ಯಾರೋ ತಿರುಗಿ ನೋಡಿದಂತಾಗುತ್ತದೆ.

ನವೆಂಬರ್ ೧೩, ಶುಕ್ರವಾರ

ಪಡುವಣ ಗಾಳಿ. ಮೈಲಟ್‌ನ ಪಬ್ಬು ಕೊಲ್ಲಿಯ ಆಚೆ ದಡದಲ್ಲಿದೆ. ಗಾಳಿ ಈ ದಿಕ್ಕಿನಿಂದ ಬಂದರೆ ಅಲ್ಲಿ ಬಾರ್ಟ್ಲಿ ನುಡಿಸುವ ತಿದಿಪೆಟ್ಟಿಗೆಯ, ಆ ಅಕಾರ್ಡಿಯನ್‌ನ, ಮಂದ್ರ ಸ್ವರಗಳು ಮಾತ್ರ ನೀರು ದಾಟಿ ಬರುತ್ತವೆ. ಮೇಲಿನವು ದಾರಿಯಲ್ಲೇ ಬಿದ್ದು ಹೋಗುತ್ತವೆ. ಸಂಜೆ ಒಲೆಗೆ ಉರಿಸುವ ಜೌಗಿನ ಹೆಂಟೆ ತರುವ ನೆಪದಲ್ಲಿ ಕೊಟ್ಟಿಗೆಯ ಮರೆಗೆ ಹೋಗಿ ನಿಂತೆ. ಹೆಂಟೆ ತುಂಬಿದ ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು, ಕೇಳಿಸದ ಸ್ವರಗಳನ್ನು ನಾನೇ ತುಂಬಿಕೊಳ್ಳುತ್ತಾ. ಒಳಗೆ ಬಂದಾಗ ಅತ್ತೆ ಆ ಕಡೆಯ ಕಿಟಕಿಯನ್ನು ಮುಚ್ಚಿದ್ದಳು.

ನಾನು ಮೊದಲ ಸಲ ಮೈಲಟ್‌ನಲ್ಲಿ ಹಾಡಿದ್ದನ್ನು ಬರೆದಿಡುತ್ತೇನೆ. ಇಲ್ಲದಿದ್ದರೆ ಅದೂ ಹೋದೀತು.

ಗಾಲ್ವೇ ಪಟ್ಟಣದ ಕಾಲೇಜು ಮುಗಿಸಿ ಇಲ್ಲಿನ ಶಾಲೆಗೆ ಮೇಡಂ ಆಗಿ ಬಂದ ವರ್ಷ. ಶುಕ್ರವಾರ ಶುಕ್ರವಾರ ಪಬ್ಬಿನ ಮೂಲೆಯಲ್ಲಿ ಬಾರ್ಟ್ಲಿ, ಕೊಳಲಿನ ಒಬ್ಬ, ಪಿಟೀಲಿನ ಇಬ್ಬರು. ವೇದಿಕೆ ಇಲ್ಲ, ಮೈಕಿಲ್ಲ, ಅವರ ಮುಖ ನಮ್ಮ ಕಡೆಗೂ ಇಲ್ಲ; ಒಲೆಯ ಸುತ್ತ ಚಳಿ ಕಾಯಿಸುವವರಂತೆ ಒಬ್ಬರಿಗೊಬ್ಬರು ಎದುರಾಗಿ ಕೂತಿರುತ್ತಿದ್ದರು. ಒಂದು ಕುಣಿತದ ಮಟ್ಟಿನಿಂದ ಇನ್ನೊಂದಕ್ಕೆ ಜಾರುವಾಗ ಬಾರ್ಟ್ಲಿ ಹುಬ್ಬು ಏರಿಸುತ್ತಿದ್ದ, ಅಷ್ಟೇ. ಆ ಹುಬ್ಬಿಗೆ ಇಡೀ ಕೋಣೆ ಇನ್ನೊಂದು ದಾರಿಗೆ ಹೊರಳುತ್ತಿತ್ತು. ಹೊಗೆ, ಒದ್ದೆ ಉಣ್ಣೆಯ ವಾಸನೆ, ನೆಲದ ಚಪ್ಪಡಿಯ ಮೇಲೆ ಬಾರ್ಟ್ಲಿಯ ಮೊಳೆ ಹೊಡೆದ ಬೂಟು. ಆಮೇಲೆ ಯಾರೋ ಹಾಡಿಗೆ ಕೂಗುತ್ತಿದ್ದರು, ವಾದ್ಯಗಳು ಮಡಿಲಿಗೆ ಇಳಿಯುತ್ತಿದ್ದವು, ಮೈಲಟ್ ಲೋಟ ತೊಳೆಯುವುದನ್ನೂ ನಿಲ್ಲಿಸುತ್ತಿದ್ದ.

ಅಂದು ನನ್ನನ್ನು ಎಬ್ಬಿಸಿದರು. ಅಜ್ಜಿ ಕಲಿಸಿದ್ದ ಹಾಡು ಒಂದಿತ್ತು: ದಡದಲ್ಲಿ ನಿಂತ ಹೆಂಗಸೊಬ್ಬಳು ಒಡೆದ ದೋಣಿಯ ಹಲಗೆಗಳನ್ನು ಒಂದೊಂದಾಗಿ ಗುರುತು ಹಿಡಿಯುವುದು. ಇಲ್ಲಿಯವರಂತೆ ನಾನೂ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಹಾಡಿದೆ. ಮೂರನೆಯ ನುಡಿಗೆ ಬರುವಷ್ಟರಲ್ಲಿ ಹಾಡು ತೊಡರಿತು. ಆಗ ಪಕ್ಕದ ಸ್ಟೂಲಿನಿಂದ ಒಂದು ಕೈ ಬಂದು ನನ್ನ ಕೈ ಹಿಡಿಯಿತು. ಹಗ್ಗ ಎಳೆದು ಎಳೆದು ಒರಟಾದ ಅಂಗೈ. ಹಿಡಿದು, ಬಾವಿಯ ರಾಟೆ ಸುತ್ತಿದ ಹಾಗೆ, ನಿಧಾನಕ್ಕೆ ತಿರುಗಿಸತೊಡಗಿತು. ನಾನು ನಿಂತಲ್ಲೂ ಆ ಕೈ ನಿಲ್ಲಲಿಲ್ಲ. "ಮುಂದೆ, ಮಗಳೇ," ಎಂದಿತು ಒಂದು ದನಿ. ಮುಂದೆ ಹೋದೆ.

ಅವನೇ ಕೋಲ್ಮನ್. ಆ ಪಬ್ಬಿನಲ್ಲಿ ಒಂದು ಸ್ವರವನ್ನೂ ನೆಟ್ಟಗೆ ಹಿಡಿಯಲು ಬಾರದವನು ಅವನೊಬ್ಬನೇ. ಆದರೆ ಅವನು ಕೈ ಹಿಡಿಯದೆ ಅಲ್ಲಿ ಯಾರೂ ಹಾಡುತ್ತಿರಲಿಲ್ಲ. ಮುಂದಿನ ವಾರ ಮಗನನ್ನು ಕರೆದುಕೊಂಡು ಬಂದ. ಫೆಸ್ಟಿಗಿಂತ ಮೊದಲು ನನ್ನ ಕೈ ಹಿಡಿದವನು ಅವನಪ್ಪ ಎಂದು ಮದುವೆಯ ದಿನ ಮೈಲಟ್ ಎಲ್ಲರಿಗೂ ಹೇಳಿ ನಗಿಸಿದ್ದ.

ಕೂಸು ಎದ್ದಿತು.

ನವೆಂಬರ್ ೨೬, ಗುರುವಾರ

ತಿಂಗಳಿಗೊಮ್ಮೆ ಬರುವ ನರ್ಸ್ ಬಂದಿದ್ದಳು. ಕೂಸನ್ನು ತಕ್ಕಡಿಯಲ್ಲಿ ಮಲಗಿಸಿ, ಹೆಬ್ಬಾತಿನ ಹಾಗೆ ತುಂಬಿಕೊಂಡಿದ್ದಾನೆ ಎಂದಳು. ನನ್ನ ಹಾಲು ಹೇಗಿದೆ ಕೇಳಿದಳು. ಚೆನ್ನಾಗಿದೆ ಎಂದೆ. ನೀನು ಹೇಗಿದ್ದೀಯಾ ಕೇಳಿದಳು. ಚೆನ್ನಾಗಿದ್ದೇನೆ ಎಂದೆ. ನಿದ್ದೆ? ಬರುತ್ತೆ ಎಂದೆ. ಅತ್ತೆ ಒಲೆಯ ಹತ್ತಿರ ಕಡಲಪಾಚಿಯನ್ನು ಹಾಲಿನಲ್ಲಿ ಕುದಿಸುತ್ತಿದ್ದಳು, ನನಗೆಂದೇ. ಬೆನ್ನು ಈ ಕಡೆ ಇತ್ತು. ಸೌಟು ಒಂದು ಗಳಿಗೆ ನಿಂತಿತು, ಮತ್ತೆ ತಿರುಗಿತು.

ಏನು ಹೇಳಲಿ? ಹೇಳಿದವರನ್ನು ಏನು ಮಾಡುತ್ತಾರೆಂದು ಗೊತ್ತಿದೆ. ನಮ್ಮ ಶಾಲೆಯ ಹಿಂದಿನ ಮೇಡಂ ಹೆತ್ತ ಮೇಲೆ ಏನೇನೋ ಮಾತಾಡಿದಳಂತೆ. ಎತ್ತರದ ಗೋಡೆಯ ಆ ಆಸ್ಪತ್ರೆಗೆ ಕರೆದೊಯ್ದರು. ತಿರುಗಿ ಬಂದಾಗ ಅವಳ ಮಗು ಅವಳನ್ನು ಗುರುತು ಹಿಡಿಯಲಿಲ್ಲ.

ಕಡಲಪಾಚಿ ಕುಡಿದೆ. ಅಂಟಿನ ರುಚಿ. ಅವಳು ಲೋಟ ಖಾಲಿಯಾಗುವವರೆಗೂ ಎದುರು ನಿಂತಿದ್ದಳು, ಕಾವಲಿನವಳಂತೆ.

ಡಿಸೆಂಬರ್ ೩

ಮಳೆ. ಅಳು. ಮಳೆ.

ಡಿಸೆಂಬರ್ ೧೧, ಶುಕ್ರವಾರ

ಇದನ್ನು ಬರೆಯಬಾರದು. ಬರೆಯದಿದ್ದರೆ ತಲೆಯೊಳಗೇ ಇರುತ್ತದೆ.

ಮಧ್ಯಾಹ್ನ ಬಿಸಿಲು ಬಂತೆಂದು ಕೂಸನ್ನು ಗಾಡಿಯಲ್ಲಿ ಮಲಗಿಸಿಕೊಂಡು ದೋಣಿ ಕಟ್ಟುವ ಧಕ್ಕೆಗೆ ಹೋದೆ. ಫೆಸ್ಟಿಯ ದೋಣಿ ಕೊಲ್ಲಿಯ ಬಾಯಿ ದಾಟಿ ಒಳಗೆ ಬರುತ್ತಿತ್ತು. ದೋಣಿಗಳನ್ನು ನೀರಿಗಿಳಿಸುವ ಇಳಿಜಾರಿದೆಯಲ್ಲ, ಅದರ ತಲೆಯಲ್ಲಿ ನಿಂತೆ. ಪಾಚಿ ಹತ್ತಿದ ಕಲ್ಲು, ಕೆಳಗೆ ತುಂಬಿದ ನೀರು. ಗಾಡಿಯ ಹಿಡಿ ನನ್ನ ಕೈಯಲ್ಲಿತ್ತು. ಆಗ, ಯಾರೋ ಕಿವಿಯಲ್ಲಿ ಹವಾಮಾನ ಹೇಳಿದಷ್ಟು ಸಾದಾ ದನಿಯಲ್ಲಿ ಒಂದು ಯೋಚನೆ ಬಂತು: ಕೈ ಬಿಟ್ಟರೆ ಸಾಕು.

ಬಿಡಲಿಲ್ಲ. ಬಿಡಲಿಲ್ಲ. ಬೆರಳು ಬೆಳ್ಳಗಾಗುವ ತನಕ ಹಿಡಿದಿದ್ದೆ. ಫೆಸ್ಟಿ ದೋಣಿಯಿಂದ ಟೊಪ್ಪಿಗೆ ಬೀಸಿದ. ನಾನು ತಿರುಗಿ ಕೈ ಬೀಸಲಿಲ್ಲ, ಬೀಸಬೇಕೆಂದರೆ ಒಂದು ಕೈಯನ್ನಾದರೂ ತೆಗೆಯಬೇಕಲ್ಲ. ಅವನಿಗೆ ಬೇಜಾರಾಯಿತು. ಮನೆಗೆ ಬರುವ ದಾರಿಯಲ್ಲಿ, "ನನ್ನ ಮುಖ ಮರ್ತು ಹೋಯ್ತಾ?" ಎಂದ.

ಯಾವ ತಾಯಿಗೆ ಇಂಥ ಯೋಚನೆ ಬರುತ್ತದೆ?

ಡಿಸೆಂಬರ್ ೧೪, ಸೋಮವಾರ

ತಲೆಗೆ ಕಟ್ಟುವ ಹಸಿರು ವಸ್ತ್ರದ ಒಂದು ತುದಿಯನ್ನು ನನ್ನ ಎಡ ಮಣಿಕಟ್ಟಿಗೂ ಇನ್ನೊಂದನ್ನು ಗಾಡಿಯ ಹಿಡಿಗೂ ಕಟ್ಟಿಕೊಂಡೆ. ಮನೆಯೊಳಗಿದ್ದಾಗ ತೊಟ್ಟಿಲಿಗೆ. ಕೈ ತಾನಾಗಿ ಬಿಟ್ಟರೂ ಗಂಟು ಬಿಡುವುದಿಲ್ಲ.

ಫೆಸ್ಟಿ ಬೆಳಿಗ್ಗೆ ಹೊರಡುವಾಗ ನೋಡಿ ನಕ್ಕ. "ಏನೇ ಇದು, ಕತ್ತೆ ತಪ್ಪಿಸ್ಕೊಂಡು ಹೋಗುತ್ತೆ ಅಂತ ಕಟ್ಟಿದ್ದೀಯಾ? ಯಾರು ಕತ್ತೆ, ನೀನೋ ಕೋಲೀನೋ?" ನಾನೂ ನಕ್ಕೆ. ನಗುವುದು ಸುಲಭ, ತುಟಿಯನ್ನು ಎರಡೂ ಕಡೆ ಎಳೆದರೆ ಆಯಿತು.

ಡಿಸೆಂಬರ್ ೨೬, ಶನಿವಾರ

ಇಂದು, ಕ್ರಿಸ್‌ಮಸ್‌ನ ಮಾರನೆಯ ದಿನ, ಗುಬ್ಬಿಯವರ ಮೆರವಣಿಗೆ. ಹುಲ್ಲಿನ ಮುಖವಾಡ, ಹೆಂಗಸರ ಹಳೆಯ ಲಂಗ, ಮಸಿ ಬಳಿದ ಕೆನ್ನೆ, ಕೋಲಿನ ತುದಿಯ ಪೊದೆಯಲ್ಲಿ ಗೊಂಬೆಗುಬ್ಬಿ. ಮನೆ ಮನೆಗೆ ನುಗ್ಗಿ, ಬಾರಿಸಿ, ಮುದುಕಿಯರನ್ನೂ ಎಳೆದು ಕುಣಿಸಿ ಹೋಗುತ್ತಾರೆ. ಹೋದ ವರ್ಷ ನಾನೂ ಹುಲ್ಲು ಹೊದ್ದು ಅವರೊಡನೆ ಹೋಗಿದ್ದೆ. ಮೈಲಟ್‌ನ ಹೊಸ್ತಿಲಲ್ಲಿ ಮುಖವಾಡದೊಳಗಿಂದಲೇ ಹಾಡಿದ್ದೆ. ಕೋಲ್ಮನ್ ಬಂದು ಕೈ ಹಿಡಿದು, "ಈ ಹುಲ್ಲಿನ ಮೆದೆಯೊಳಗೆ ನನ್ನ ಸೊಸೆ ಇದ್ದಾಳೆ, ಕೈ ನೋಡಿದ್ರೆ ಗೊತ್ತಾಗಲ್ವಾ," ಎಂದಿದ್ದ.

ಬೆಳಗಿನಿಂದ ಕೂಸನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತಿದ್ದೆ. ಅವರು ಬರುವುದಿಲ್ಲವೆಂದು ಗೊತ್ತಿತ್ತು, ಆದರೂ. ತಿರುವಿನಾಚೆಯಿಂದ ತಮಟೆ ಕೇಳಿಸಿತು, ತಿದಿಪೆಟ್ಟಿಗೆ ಕೇಳಿಸಿತು. ಕೂಸು ತಲೆ ಎತ್ತಿತು, ಅದರ ಬಾಯಿ ತೆರೆದುಕೊಂಡೇ ಉಳಿಯಿತು. ಜೀವಮಾನದಲ್ಲಿ ಅದು ಕೇಳಿದ ಮೊದಲ ರಾಗ. ಅಷ್ಟರಲ್ಲಿ ಅವರು ನಮ್ಮ ಮನೆಯ ಬೇಲಿಯ ಹತ್ತಿರ ಬಂದರು. ಬಾರ್ಟ್ಲಿ ತಿದಿಯನ್ನು ಒತ್ತಿ ಮುಚ್ಚಿ ಪಟ್ಟಿ ಬಿಗಿದ. ತಮಟೆಯವನು ಚರ್ಮದ ಮೇಲೆ ಅಂಗೈ ಇಟ್ಟ. ಇಡೀ ಗುಂಪು, ಆ ಹುಚ್ಚು ವೇಷಗಳಲ್ಲೇ, ಶವದ ಹಿಂದೆ ಹೋಗುವವರ ಹಾಗೆ ಹೆಜ್ಜೆಯ ಸದ್ದೂ ಆಗದಂತೆ ನಮ್ಮ ಮನೆಯ ಮುಂದೆ ದಾಟಿತು. ಒಬ್ಬೊಬ್ಬರೂ ಹುಲ್ಲಿನ ತಲೆ ಬಾಗಿಸಿದರು. ಬೇಲಿ ದಾಟಿದ ಮೇಲೆ ಮತ್ತೆ ಶುರು.

ಮರ್ಯಾದೆಗಾಗಿಯೇ ಮಾಡಿದ್ದು ಅದು. ಹೋದ ವರ್ಷ ಬೇರೆ ಮನೆಯ ಮುಂದೆ ನಾನೂ ಹಾಗೇ ತಲೆ ಬಾಗಿಸಿ ದಾಟಿದ್ದೆ. ಒಳಗೆ ಇರುವವರಿಗೆ ಅದು ಹೇಗಿರುತ್ತದೆಂದು ಗೊತ್ತಿರಲಿಲ್ಲ. ಸತ್ತವನು ಕೋಲ್ಮನ್ ಒಬ್ಬನೇ ಅಲ್ಲ, ಈ ಕಿಟಕಿಯ ಹಿಂದೆ ಯಾರೂ ಇಲ್ಲ ಅನ್ನಿಸಿತು.

ಕೂಸು ಅಳಲಿಲ್ಲ. ರಾಗ ಎಲ್ಲಿ ಹೋಯಿತೆಂದು ನನ್ನ ಮುಖದಲ್ಲಿ ಹುಡುಕಿತು. ನನ್ನ ಮುಖದಲ್ಲಿ ಏನಿದೆ?

ಜನವರಿ ೧೪, ೧೯೮೮, ಗುರುವಾರ

ಸೀಮೆಎಣ್ಣೆ ಮುಗಿದಿತ್ತು. ಅತ್ತೆ ಮೈಲಟ್‌ನಿಂದ ತಂದು ಬಾ ಎಂದಳು. ಮುಂದೆ ಅಂಗಡಿ, ಹಿಂದೆ ಪಬ್ಬು. ಹಗಲಿನಲ್ಲಿ ಅಲ್ಲಿ ಸಂಗೀತವಿಲ್ಲ, ಅದಕ್ಕೆ ಕಳಿಸಿರಬೇಕು. ಕೂಸನ್ನು ತಾನೇ ನೋಡಿಕೊಂಡಳು. ಕೊಲ್ಲಿಯನ್ನು ಸುತ್ತಿಕೊಂಡು ಬರಿಗೈಯಲ್ಲಿ ನಡೆದೆ. ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಎಲ್ಲವೂ ಇದ್ದ ಹಾಗೇ ಇದೆ. ಗಡಿಯಾರದ ಕೆಳಗೆ ಕೋಲ್ಮನ್‌ನ ಸ್ಟೂಲು. ಯಾರೂ ಕೂರದಿರಲೆಂದು ಮೈಲಟ್ ಅದರ ಮೇಲೆ ಖಾಲಿ ಲೋಟವೊಂದನ್ನು ಬೋರಲು ಹಾಕಿದ್ದಾನೆ. ಬಾರ್ಟ್ಲಿ ಒಬ್ಬನೇ ಕಪ್ಪು ಬಿಯರಿನ ಮುಂದೆ ಕೂತಿದ್ದ.

"ಬಾ ಊನಾ," ಎಂದ ಮೈಲಟ್. "ಕೋಲ್ಮನ್ ಹೋದ್ಮೇಲೆ ಇಲ್ಲಿ ಒಂದು ಹಾಡೂ ಎದ್ದಿಲ್ಲ ಕಣವ್ವ. ಇವನು ತಿದಿ ಎಳೀತಾನೆ, ನಾವು ಕಾಲು ಕುಟ್ತೀವಿ. ಹಾಡು ಅಂದ್ರೆ ಎಲ್ಲರೂ ಬೂಟಿನ ದಾರ ನೋಡ್ಕೋತಾರೆ. ಯಾರ ಕೈ ಹಿಡ್ಕೊಂಡು ಹಾಡೋದು?"

"ನಾನು ಕೊಟ್ಟೆನಲ್ಲಯ್ಯಾ ಕೈಯ," ಎಂದ ಬಾರ್ಟ್ಲಿ. "ಸತ್ತ ಬಂಗಡೆ ಹಿಡಿದಂಗಾಯ್ತು ಅಂತ ಆ ಹಾಡೋನು ಮೊದಲ್ನೇ ನುಡಿಗೇ ಕೂತ್ಬಿಟ್ಟ."

ಹೋದ ವರ್ಷವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಮೈಲಟ್ ನನ್ನ ಮುಖ ನೋಡಿದ. ಬಿಸಿ ವಿಸ್ಕಿಗೆ ಲವಂಗ ಹಾಕಿ ಮುಂದಿಟ್ಟ. ಕುಡಿಯಲಿಲ್ಲ. ಬರುವ ದಾರಿಯಲ್ಲಿ ನನ್ನ ಹಾಡನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ನೋಡಿದೆ. ಅದು ಮನಸ್ಸಿನಲ್ಲಿ ಹೇಳಿಕೊಂಡದ್ದು, ಮನೆಯ ಹೊರಗೆ ಹೇಳಿಕೊಂಡದ್ದು. ಯಾವ ನೇಮವೂ ಮುರಿಯುವುದಿಲ್ಲ. ಮೊದಲ ನುಡಿ ಬಂತು. ಎರಡನೆಯದು ತುಂಡು ತುಂಡಾಗಿ. ಮೂರನೆಯದು ಇಲ್ಲವೇ ಇಲ್ಲ. ಹಲಗೆಗಳ ಹೆಸರೇ ಮರೆತುಹೋಗಿದೆ. ಅಜ್ಜಿಯ ದನಿ ನೆನಪಿದೆ, ಕೋಲ್ಮನ್‌ನ ಅಂಗೈ ನೆನಪಿದೆ, ಹೊಗೆ ನೆನಪಿದೆ, ಹಾಡು ಮಾತ್ರ ಇಲ್ಲ.

ಇನ್ನು ಆಗಸ್ಟ್ ಬಂದರೇನು, ರೇಡಿಯೋದ ಬಟ್ಟೆ ತೆಗೆದರೇನು.

ಜನವರಿ ೧೫, ಶುಕ್ರವಾರ

ಪಡುವಣ ಗಾಳಿ. ಹೆಂಟೆ ತರಲು ಹೋಗಲಿಲ್ಲ.

ಜನವರಿ ೨೯, ಶುಕ್ರವಾರ

ಫೆಸ್ಟಿ ಬಂದಿದ್ದಾನೆ. ಒಂದು ಗಳಿಗೆ ಮೈಲಟ್‌ಗೆ ಹೋಗಿ ಬರೋಣ, ಹಾಡಬೇಡ, ಬರೀ ಕೂತಿರು, ಅವ್ವನಿಗೆ ನಾನು ಹೇಳುತ್ತೇನೆ ಎಂದ. ಬೇಡ ಎಂದೆ. ಅವನ ತೋಳಿನ ಮೇಲೆ ಅಪ್ಪನ ಸೂತಕಕ್ಕೆಂದು ಹೊಲಿದ ಕರಿ ಬಟ್ಟೆಯ ತುಂಡಿನ ಅಂಚು ಬಿಚ್ಚಿಕೊಂಡಿತ್ತು. ಹೊಲಿದು ಕೊಡು ಎಂದ. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಅವನೇ ಪೋಣಿಸಿ, ಅವನೇ ಹೊಲಿದುಕೊಂಡ, ಬಲೆಯ ಗಂಟು ಹಾಕಿ.

ನಾನು ಇಲ್ಲದಿದ್ದರೆ ಈ ಮನೆ ಚೆನ್ನಾಗಿಯೇ ನಡೆಯುತ್ತದೆ. ಅತ್ತೆಗೆ ಕೂಸನ್ನು ಸುಮ್ಮನಾಗಿಸುವುದು ಗೊತ್ತು. ಸೀಸೆಯ ಹಾಲು ಸಿಗುತ್ತದೆ. ಇಳಿಜಾರು ಒಬ್ಬಳಿಗೂ ಸಾಕಷ್ಟು ಅಗಲ ಇದೆ.

ಫೆಬ್ರವರಿ ೧, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಂತ ಬ್ರಿಜಿತಮ್ಮನ ಹಬ್ಬ. ಫೆಸ್ಟಿ ಮುಂಜಾನೆಯೇ ದೋಣಿಗೆ ಹೋದ. ಅತ್ತೆ ನಿನ್ನೆ ಹೆಣೆದ ಆಪು ಹುಲ್ಲಿನ ಶಿಲುಬೆಯನ್ನು ಬಾಗಿಲ ಮೇಲೆ ಸಿಕ್ಕಿಸಿ, ಕೈ ಒರೆಸಿಕೊಳ್ಳುತ್ತಾ ಬಂದು ತೊಟ್ಟಿಲ ಬಳಿ ನಿಂತಳು. ನಾನು ಗೋಡೆಯ ಕಡೆಗೆ ತಿರುಗಿ ಕೂತಿದ್ದೆ. ಮಣಿಕಟ್ಟಿನ ಗಂಟನ್ನು ನೋಡಿದಳು. ಅದನ್ನು ನೋಡುತ್ತಿರುವುದು ಇದೇ ಮೊದಲಲ್ಲ ಎಂದು ಅವಳ ಮುಖದಿಂದ ಗೊತ್ತಾಯಿತು.

"ಇದು ಅವನು ಬೀಳಬಾರ್ದು ಅಂತಲೋ, ನೀನು ಬೀಳಬಾರ್ದು ಅಂತಲೋ?"

ಅವಳು ಕೆಳಗೆ ಕೂತು ಗಂಟು ಬಿಚ್ಚಿದಳು. ಚರ್ಮ ಕೆಂಪಗಾಗಿತ್ತು. ಗಂಟು ಬಿಚ್ಚಿದ ಕೈಯನ್ನು ಅವಳು ಬಿಡಲಿಲ್ಲ. ಬೆರಳಿಗೆ ಬೆರಳು ಹೆಣೆದು ಹಿಡಿದಳು, ತಿರುಗಿಸತೊಡಗಿದಳು. ನಿಧಾನಕ್ಕೆ, ಬಾವಿಯ ರಾಟೆಯ ಹಾಗೆ.

ನನಗೆ ಹೆದರಿಕೆಯಾಯಿತು. ಮನೆಯಲ್ಲಿ ಹಾಡು ಕೂಡದಲ್ಲ ಎಂದೆ.

"ಹಾಡು ಅಂತ ಯಾರು ಹೇಳಿದ್ರು? ಬಾಯಿ ಬಿಡು, ಅಷ್ಟೇ."

ಇಳಿಜಾರಿನಿಂದ ಶುರು ಮಾಡಿದೆ. ಗೋಡೆಗೇ ಹೇಳಿದೆ. ಗಾಡಿಯ ಹಿಡಿ, ಪಾಚಿಯ ಕಲ್ಲು, ತುಂಬಿದ ನೀರು. ಆ ಸಾದಾ ದನಿ. ಅಲ್ಲಿಗೆ ಬಂದು ಮಾತು ತೊಡರಿತು. ಕೈ ತಿರುಗುತ್ತಲೇ ಇತ್ತು. ಜೀವಮಾನದಲ್ಲಿ ಒಂದು ದಿನವೂ ಮೈಲಟ್‌ನ ಹೊಸ್ತಿಲು ತುಳಿಯದ ಹೆಂಗಸು, ಶುಕ್ರವಾರ ಶುಕ್ರವಾರ ಕಿಟಕಿ ಮುಚ್ಚುವ ಹೆಂಗಸು, ಎಲ್ಲಿ ಹೇಳಬೇಕೋ ಸರಿಯಾಗಿ ಅಲ್ಲೇ ಹೇಳಿದಳು:

"ಮುಂದೆ, ಮಗಳೇ."

ಮುಂದೆ ಹೋದೆ. ಶುಕ್ರವಾರ ಬರೆದದ್ದನ್ನೂ ಹೇಳಿದೆ, ಇಳಿಜಾರು ಒಬ್ಬಳಿಗೂ ಸಾಕು ಎಂದದ್ದನ್ನು. ಆಗ ಅವಳ ಹಿಡಿತ ಬಿಗಿಯಾಯಿತು, ಆದರೆ ಸುತ್ತು ತಪ್ಪಲಿಲ್ಲ. ಎಲ್ಲ ಮುಗಿದ ಮೇಲೂ ಸ್ವಲ್ಪ ಹೊತ್ತು ತಿರುಗಿಸಿದಳು. ಆಮೇಲೆ ತಾನೇ ಗೋಡೆಯ ಕಡೆ ನೋಡುತ್ತಾ ಹೇಳಿದಳು:

"ಫೆಸ್ಟಿ ಹುಟ್ಟಿದಾಗ ನಾನೂ ಹೀಗೇ ಗೋಡೆಗೆ ಮುಖ ಮಾಡಿ ಬಿದ್ದಿದ್ದೆ. ಕುರಿ ಉಣ್ಣೆ ಕತ್ತರಿಸೋ ಕಾಲ ಬರೋವರೆಗೂ. ಕೋಲ್ಮನ್‌ಗೆ ಮಾತು ಬರ್ತಿರ್ಲಿಲ್ಲ. ಇದೊಂದು ಮಾಡ್ತಿದ್ದ. ಕೈ ತಿರುಗ್ಸೋದು ಊರಿಗೆಲ್ಲ ಗೊತ್ತು. ಬಿಡದೇ ತಿರುಗ್ಸೋದನ್ನ ಅವನು ಈ ಮನೇಲಿ ಕಲ್ತ."

ನನ್ನನ್ನು ಆ ಗೋಡೆಯ ಆಸ್ಪತ್ರೆಗೆ ಕಳಿಸುತ್ತೀರಾ ಎಂದು ಕೇಳಿದೆ. ತನಗೆ ಗೊತ್ತಿಲ್ಲ ಎಂದಳು. ಕಳಿಸುವುದಿಲ್ಲ ಎಂದು ಸುಳ್ಳು ಹೇಳಲಿಲ್ಲ. ಗುರುವಾರ ನರ್ಸ್ ಬರುತ್ತಾಳೆ, ತನಗೆ ಹೇಳಿದ್ದನ್ನು ಅವಳಿಗೂ ಹೇಳಬೇಕು, ಎಂದಳು. ಆಗುವುದಿಲ್ಲ ಎಂದೆ.

"ಒಂದ್ಸಲ ಹೇಳಿದ್ದು ಎರಡನೇ ಸಲಕ್ಕೆ ಬರುತ್ತೆ ಕಣೇ."

ಕೋಲೀನ್ ಎದ್ದ. ಅವಳು ಎತ್ತಿಕೊಂಡು ನನ್ನ ಮಡಿಲಿಗೆ ಹಾಕಿದಳು. ಎದುರಿಗೇ ಕೂತಳು, ಕಡಲಪಾಚಿ ಕುಡಿಸಿದ ದಿನದ ಹಾಗೆ.

ಫೆಬ್ರವರಿ ೩

ಎರಡು ರಾತ್ರಿಯೂ ಅತ್ತೆ ನನ್ನ ಕೋಣೆಯಲ್ಲೇ ಮಲಗಿದಳು, ಬಾಗಿಲಿಗೆ ಅಡ್ಡವಾಗಿ. ನಿದ್ದೆ ಬರಲಿಲ್ಲ. ಆ ಯೋಚನೆ ಹೋಗಿಲ್ಲ, ಅಲ್ಲೇ ಇದೆ. ಬೆಳಗಿನ ಜಾವ ಕೋಲೀನ್ ಹಾಲು ಕುಡಿಯುತ್ತಾ ನನ್ನ ಹೆಬ್ಬೆರಳು ಹಿಡಿದುಕೊಂಡು ನಿದ್ದೆ ಹೋದ. ಅವನ ಉಗುರು ಕತ್ತರಿಸಬೇಕು.

ಫೆಬ್ರವರಿ ೪, ಗುರುವಾರ

ನರ್ಸ್ ಬಂದಳು. ಕೋಲೀನನ ತೂಕ ನೋಡಿದಳು, ಹೊಗಳಿದಳು. ನಿದ್ದೆ ಬರುತ್ತಾ ಎಂದು ಕೇಳಿದಳು. ಬರುವುದಿಲ್ಲ ಎಂದೆ. ಅವಳು ತಲೆ ಎತ್ತಿ ನೋಡಿದಳು.

ಅತ್ತೆ ಒಲೆಯ ಬಳಿಯಿಂದ ಎದ್ದು ಬಂದಳು. ಕುರ್ಚಿ ಎಳೆದು ನನ್ನ ಪಕ್ಕ ಕೂತು ಕೈ ಚಾಚಿದಳು. ನರ್ಸ್ ಗಾಲ್ವೇಯವಳು, ಇದೇನೆಂದು ಅವಳಿಗೆ ತಿಳಿಯಲಿಲ್ಲ. ನಾನು ಗೋಡೆಯ ಕಡೆ ತಿರುಗಿಕೊಂಡು ಶುರು ಮಾಡಿದೆ.

ಇಳಿಜಾರಿಗೆ ಬಂದಾಗ ನರ್ಸ್ ಕೈಯಲ್ಲಿದ್ದ ತಕ್ಕಡಿಯ ಬಟ್ಟಲನ್ನು ಕೆಳಗಿಟ್ಟ ಸದ್ದು ಕೇಳಿಸಿತು. ನನ್ನ ದನಿ ನಿಂತಿತು. ಅತ್ತೆಯ ಕೈ ನಿಲ್ಲಲಿಲ್ಲ.